ಕೌಲಿಯ ಬಾಣಂತನ

ಒಣಹುಲ್ಲನ್ನು ಹಾಲು ಮಾಡುವ ಮಾಯೆಯನ್ನು ಹಸುವಿನ ಹೊಟ್ಟೆಯಲ್ಲಿಟ್ಟವನು ನಮ್ಮ ಮಾದಪ್ಪ. ಅವನ ಪಾದಕ್ಕೊಂದು ಹೂವಿಟ್ಟು ಶುರು ಮಾಡುತ್ತೇನೆ. ನಗು ಬಂದರೆ ನಕ್ಕುಬಿಡಿ, ಪಾಪ ಬರುವುದಿಲ್ಲ. ಜಾಣರನ್ನು ಮಾಡಿದವನೇ ಪೆದ್ದರನ್ನೂ ಮಾಡಿದ್ದು. ಪೆದ್ದರನ್ನು ಮಾಡುವಾಗ ಅವನ ಕೈಯಲ್ಲಿ ಇನ್ನಷ್ಟು ಪ್ರೀತಿ ಇತ್ತೋ ಏನೋ, ಯಾರು ಕಂಡವರು.

ಕಗ್ಗಲೀಕೊಪ್ಪಲಿನಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು ಇದ್ದಳು. ಗಂಡ ತೀರಿಕೊಂಡಿದ್ದ. ಮಗಳನ್ನು ಮದುವೆ ಮಾಡಿ ಕಳಿಸಿದ್ದಳು. ಮನೆಯಲ್ಲಿ ಉಳಿದವನು ಮಗ ಮುದ್ದೀರ. ಆಳೆತ್ತರ ಬೆಳೆದಿದ್ದ, ಮೀಸೆಯೂ ಬಂದಿತ್ತು. ಬುದ್ಧಿ ಮಾತ್ರ ಬರುವ ದಾರಿಯಲ್ಲಿ ಎಲ್ಲೋ ಮರದ ನೆರಳಿಗೆ ಕೂತು ಸುಧಾರಿಸಿಕೊಳ್ಳುತ್ತಿತ್ತು. ಕೆಟ್ಟವನಲ್ಲ. ಸೋಮಾರಿಯೂ ಅಲ್ಲ. ಅವ್ವ ಹೇಳಿದ ಮಾತನ್ನು ಒಂದು ಕೂದಲೆಳೆಯಷ್ಟೂ ಮೀರುವವನಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಆ ಮನೆಯಲ್ಲಿ ಇನ್ನೊಂದು ಜೀವ ಇತ್ತು, ಕೌಲಿ ಅನ್ನುವ ಹಸು. ಕೌಲಿ ಅವರದಲ್ಲ, ಪಾಲಿನದು. ಆಗೆಲ್ಲ ಹಾಗಿತ್ತು. ಉಳ್ಳವರು ಒಂದು ಕಡಸನ್ನು ಇಲ್ಲದವರ ಮನೆಗೆ ಬಿಡುತ್ತಿದ್ದರು. ಸಾಕಿದವರಿಗೆ ಮೊದಲ ಕರು, ಆ ಕರು ಕುಡಿದು ಮಿಕ್ಕ ಹಾಲು. ಕರು ಹಾಲು ಬಿಟ್ಟ ಮೇಲೆ ಹಸು ಯಜಮಾನರ ಕೊಟ್ಟಿಗೆಗೆ ವಾಪಸ್ಸು. ಕಾಗದವಿಲ್ಲ, ಹೆಬ್ಬೆಟ್ಟಿಲ್ಲ. ದೇವರ ಮುಂದೆ ಒಂದು ಮಾತು, ಅಷ್ಟೇ. ಹೊಂಗೆಮೆಳೆಯ ಹೊಂಬಾಳೇಗೌಡರು ಕೌಲಿಯನ್ನು ಬಿಟ್ಟು ಹೋಗುವಾಗ ಮಾತಿಗೆ ಇನ್ನೊಂದು ಮಾತು ಸೇರಿಸಿದ್ದರು:

“ನೋಡು ಚಿಕ್ಕತಾಯಿ, ನಿನ್ನ ಮೇಲೆ ನಂಬಿಕೆ ಐತೆ. ನಿನ್ನ ಮಗನ ಮೇಲೆ ಇಲ್ಲ. ಹಸ ಸಾಕೋದ್ರಲ್ಲಿ ತಪ್ಪು ಕಂಡ್ತೋ, ಅವತ್ತೇ ಬಂದು ಹೊಡ್ಕೊಂಡು ಹೋಯ್ತೀನಿ. ಕರು ಹುಟ್ಟಿದ್ರೆ ಕರೂನೂ ಸೇರಿಸಿ.”

“ಹೂಂ ಬುದ್ಧಿ,” ಅಂದಿದ್ದಳು ಚಿಕ್ಕತಾಯಮ್ಮ.

ಮೂರು ವರ್ಷ ಅವಳೇ ಸಾಕಿದಳು. ತನ್ನ ಗಂಜಿಯಲ್ಲಿ ಒಂದು ಪಾಲು ಅದಕ್ಕೆ ಕೊಟ್ಟಳು. ಗೌಡರ ಬೀಜದ ಹೋರಿಯಿಂದಲೇ ಕೌಲಿ ಗಬ್ಬವಾಯಿತು, ಹೊಟ್ಟೆ ತುಂಬಿತು, ಇನ್ನೇನು ತಿಂಗಳೊಳಗೆ ಈಯಬೇಕು. ಆಗ ನೋಡಿ, ಕೆರೆಯ ಮೆಟ್ಟಿಲಲ್ಲಿ ಜಾರಿ ಚಿಕ್ಕತಾಯಮ್ಮನ ಕಾಲು ಉಳುಕಿತು. ಕಾಲು ಊದಿ ಕುಂಬಳಕಾಯಿ! ಮೇಯಿಸಲು ಯಾರು ಹೋಗುವುದು? ಮುದ್ದೀರನೇ ಹೋಗಬೇಕು.

“ಲೇ ಮುದ್ದೀರ, ಕೌಲೀನ ಗೋಮಾಳಕ್ಕೆ ಹೊಡ್ಕೊಂಡು ಹೋಗು. ತುಂಬಿದ ಬಸ್ರಿ ಅದು. ಅದರ ಹಿಂದಿಂದೇನೇ ಇರು. ಒಂದು ಗಳಿಗೆ ಬಿಟ್ಟು ಇರಬೇಡ. ತಿಳೀತಾ?”

“ತಿಳೀತವ್ವ. ಹಿಂದಿಂದೇನೇ ಇರ್ತೀನಿ.”

ಹೋದ. ಕೌಲಿ ಗೋಮಾಳಕ್ಕೆ ಹೋಗಲಿಲ್ಲ. ಪಕ್ಕದಲ್ಲಿ ಸಿದ್ದಲಿಂಗಣ್ಣನ ಹುರುಳಿ ಹೊಲ ಹಸಿರಾಗಿ ಕಂಡಿತು, ನುಗ್ಗಿತು. ಮುದ್ದೀರನೂ ಹಿಂದೆಯೇ ನುಗ್ಗಿದ. ಅದು ಒಂದು ಸಾಲು ಮೇಯಿತು, ಇವನು ಒಂದು ಸಾಲು ಹಿಂದೆ ನಡೆದ. ಅದು ಎರಡು ಸಾಲು ಮೇಯಿತು, ಇವನು ಎರಡು ಸಾಲು ನಡೆದ. ಅದು ನಿಂತರೆ ನಿಂತ, ಬಾಲ ಬೀಸಿದರೆ ಮುಖ ಒಡ್ಡಿದ. ಮಧ್ಯಾಹ್ನದ ಹೊತ್ತಿಗೆ ಕಾಲು ಭಾಗ ಹೊಲ ಬೋಳು!

ಸಿದ್ದಲಿಂಗಣ್ಣ ಓಡಿ ಬಂದ. “ಏನ್ಲಾ ಇದು! ಕಣ್ಣು ಕಾಣಾಕಿಲ್ವಾ?”

“ಕಾಣ್ತದೆ ಕಣಣ್ಣ. ಬಾಲ ಚೆನ್ನಾಗಿ ಕಾಣ್ತದೆ.”

ಮನೆಗೆ ಬಂದು ಅವ್ವನ ಮುಂದೆ ನಿಂತ. ಅವ್ವ ಹಣೆ ಚಚ್ಚಿಕೊಂಡಳು. “ಅಯ್ಯೋ ಮಾದಪ್ಪಾ! ಹಿಂದಿದ್ರೆ ಸಾಕೇನ್ಲಾ? ಹಸಿರಿಗೆ ಬಾಯಿ ಹಾಕಿದ್ದು ಕಂಡ್ರೆ ಕೋಲು ಬೀಸಿ, ‘ಹೋಯ್ ಹೋಯ್’ ಅಂತ ಕೂಗಿ, ಊರಾಚೆ ತನಕ ಅಟ್ಟಬೇಕು ಕಣೋ!”

“ಸರಿ ಕಣವ್ವ. ಇನ್ಮೇಲೆ ಅಟ್ತೀನಿ.”

ಸಂತೆಗೆ ಹೋದವರ ಬಾಯಲ್ಲಿ ಸುದ್ದಿ ಹೊಂಗೆಮೆಳೆಗೂ ಹೋಯಿತು. ಗೌಡರು ಅವರ ಕೈಲೇ ಹೇಳಿ ಕಳಿಸಿದರು: “ಒಂದಾಯ್ತು ಅಂತ ಹೇಳಿ ಚಿಕ್ಕತಾಯಿಗೆ.”

ಮಾರನೆಯ ದಿನ ಕೌಲಿಯನ್ನು ನೀರಿಗೆ ಬಿಟ್ಟುಕೊಂಡು ಮುದ್ದೀರ ಬಸವಣ್ಣನ ಗುಡಿಯ ಮುಂದೆ ಬರುತ್ತಿದ್ದ. ಅಲ್ಲಿ ದೇವರ ಬಸವ ನಿಂತಿತ್ತು. ನಿಮ್ಮಲ್ಲಿ ಈಗಿನವರಿಗೆ ಗೊತ್ತೋ ಇಲ್ಲವೋ, ದೇವರಿಗೆ ಬಿಟ್ಟ ಬಸವ ಅಂದರೆ ಊರಿಗೆಲ್ಲ ಮಗ. ಮೂಗುದಾರ ಇಲ್ಲ, ನೊಗ ಇಲ್ಲ. ಯಾರ ಹೊಲಕ್ಕೆ ಬಾಯಿ ಹಾಕಿದರೂ ಆ ಹೊಲದವನು ಪುಣ್ಯವಂತ. ಅಂಗಡಿಯ ಬೆಲ್ಲಕ್ಕೆ ಮೂತಿ ಇಟ್ಟರೆ ಶೆಟ್ಟರು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅಂಥ ಬಸವನಿಗೆ ಅವತ್ತು ಯಾರೋ ಹರಕೆ ತೀರಿಸಲು ಒಂದು ಹೊರೆ ಎಳೆ ಜೋಳದ ಸೊಪ್ಪು ತಂದು ಹಾಕಿದ್ದರು. ಪೂಜಾರಪ್ಪ ಅರಿಶಿನದ ಬಟ್ಟೆ ಹೊದಿಸಿ ಕೊಂಬಿಗೆ ಹೂ ಸುತ್ತುತ್ತಿದ್ದ. ಹೆಂಗಸರು ಕೈಮುಗಿದು ನಿಂತಿದ್ದರು. ಬಸವ ಸೊಪ್ಪಿಗೆ ಬಾಯಿ ಹಾಕಿತು.

ಮುದ್ದೀರ ಕಂಡ. ಹಸಿರಿಗೆ ಬಾಯಿ!

“ಹೋಯ್! ಹೋಯ್! ಹೋಯ್!”

ಕೋಲು ಬೀಸಿದ. ಬಸವ ಬೆದರಿ ಓಡಿತು. ಅರಿಶಿನದ ಬಟ್ಟೆ ಬಾವುಟದ ಹಾಗೆ ಹಾರಿತು. ಬಸವನ ಹಿಂದೆ ಮುದ್ದೀರ, ಮುದ್ದೀರನ ಹಿಂದೆ ಪೂಜಾರಪ್ಪ, ಪೂಜಾರಪ್ಪನ ಹಿಂದೆ ಹೂವಿನ ತಟ್ಟೆ ಹಿಡಿದ ಹೆಂಗಸರು, ಎಲ್ಲರ ಹಿಂದೆ ಹೊಟ್ಟೆ ಹೊತ್ತ ಕೌಲಿ! ಊರಾಚೆಯ ಕಲ್ಲುಕಟ್ಟೆ ದಾಟುವವರೆಗೂ ಅಟ್ಟಿ, ಮನೆಗೆ ಬಂದು ಬೆವರೊರೆಸಿಕೊಂಡು ಹೇಳಿದ: “ಅಟ್ಟಿದೆ ಕಣವ್ವ. ಊರಾಚೆ ತನಕ!”

“ಅಯ್ಯೋ ಮಾದಪ್ಪಾ! ಸ್ವಾಮೀನೇ ಅಟ್ಟಿದ್ಯೇನ್ಲಾ! ಅಂಥ ಜೀವ ಎದುರಿಗೆ ಬಂದ್ರೆ ಕೋಲು ಕೆಳಗಿಟ್ಟು, ಕೈಮುಗಿದು, ಕೈಲಿರೋದನ್ನ ಮುಂದಿಟ್ಟು, ದಾರಿ ಬಿಡಬೇಕು ಕಣೋ!”

“ಸರಿ ಕಣವ್ವ. ಕೈಲಿರೋದನ್ನ ಇಟ್ಟು ದಾರಿ ಬಿಡ್ತೀನಿ.”

ಸಂಜೆಗೆ ಬಸವ ತಾನಾಗಿ ಗುಡಿಗೆ ಬಂತು. ಚಿಕ್ಕತಾಯಮ್ಮ ಕುಂಟಿಕೊಂಡು ಹೋಗಿ ಅದರ ಕಾಲಿಗೆ ಬಿದ್ದಳು. ಅದು ಅವಳ ತಲೆ ಮೂಸಿ ಸುಮ್ಮನಾಯಿತು. ದೇವರ ಸಿಟ್ಟು ಮೂಸುವಷ್ಟರಲ್ಲಿ ಇಳಿಯುತ್ತದೆ. ಮನುಷ್ಯರದು ಹಾಗಲ್ಲ. ಹೊಂಗೆಮೆಳೆಯಿಂದ ಹೇಳಿಕೆ ಬಂತು: “ಎರಡಾಯ್ತು.”

ಚಿಕ್ಕತಾಯಮ್ಮ ಮನೆಯೆಲ್ಲ ತಡಕಾಡಿದಳು. ಗೌಡರ ಮನಸ್ಸು ಒಲಿಸಬೇಕಲ್ಲ? ಮನೆಯಲ್ಲಿ ಏನಿತ್ತು? ಒಂದು ಮೊಟ್ಟೆ ಕೋಳಿ. ಕೆಂಪಗೆ, ದುಂಡಗೆ, ದಿನ ಬಿಟ್ಟು ದಿನ ಮೊಟ್ಟೆ ಇಡುವಂಥದ್ದು. ಅದರ ಕಾಲು ಕಟ್ಟಿ ಮುದ್ದೀರನ ಕೈಗೆ ಕೊಟ್ಟಳು.

“ಬೆಳಗಿನ ತಂಪಿಗೇ ಹೊರಡು. ಹೊಂಗೆಮೆಳೆ ಗೌಡ್ತಿ ಕೈಗೆ ಕೊಟ್ಟು ಬಾ. ನಮ್ಮವ್ವ ಕೊಟ್ಟವಳೆ ಅನ್ನು. ಬೇರೆ ಒಂದು ಮಾತೂ ಆಡಬೇಡ.”

ಹೊರಟ. ಹಳ್ಳದ ಹತ್ತಿರ ಲಂಟಾನ ಪೊದೆ ಅಲ್ಲಾಡಿತು. ಗುಳ್ಳೆನರಿಯೊಂದು ಹೊರಗೆ ಬಂದು ದಾರಿಯ ನಡುವೆ ನಿಂತು ಇವನನ್ನು ನೋಡಿತು. ಕೋಳಿಯನ್ನೂ ನೋಡಿತು.

ಮುದ್ದೀರ ಕೋಲು ಕೆಳಗಿಟ್ಟ. ಕೈಮುಗಿದ. ಕೋಳಿಯನ್ನು ಮುಂದಿಟ್ಟ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ನರಿಗೇ ನಂಬಿಕೆ ಬರಲಿಲ್ಲವಂತೆ! ಎರಡು ಸಲ ಹಿಂದಕ್ಕೆ ತಿರುಗಿ ನೋಡಿತಂತೆ. “ತಗೊಳ್ಳಿ ಸ್ವಾಮಿ, ನಮ್ಮವ್ವ ಕೊಟ್ಟವಳೆ,” ಅಂದ. ತಗೊಂಡು ಹೋಯಿತು.

“ಕೊಟ್ಟೆ ಕಣವ್ವ! ಹಲ್ಲು ಬಿಟ್ಟು ನಕ್ಕೊಂಡು ತಗೊಂಡ್ತು.”

“ನಕ್ಕೊಂಡು ತಗೊಂಡ್ತಾ? ಗೌಡ್ತೀನ ಅದು ಇದು ಅಂತೀಯಲ್ಲೋ?”

“ಗೌಡ್ತಿ ಅಲ್ಲ ಕಣವ್ವ. ಹಳ್ಳದ ತಾವು ನರಿ ಸಿಕ್ತು.”

“ಅಯ್ಯೋ ಮಾದಪ್ಪಾ!” ಚಿಕ್ಕತಾಯಮ್ಮ ಅಲ್ಲೇ ಕುಸಿದು ಕೂತಳು. “ಲೇ, ಮನೆ ಜೀವ ಕೈಲಿದ್ದಾಗ ಎದೆಗೆ ಅವುಚ್ಕೊಂಡು, ಕಂಬಳಿಯೊಳಗೆ ಮುಚ್ಚಿ, ಒಂದು ನರಪಿಳ್ಳೆಗೂ ತೋರಿಸದಂಗೆ ಕಾಪಾಡ್ಕೋಬೇಕು ಕಣೋ!”

“ಸರಿ ಕಣವ್ವ. ಮುಚ್ಚಿ ಕಾಪಾಡ್ತೀನಿ.”

ಕೋಳಿ ಸೇರಬೇಕಾದ ಕಡೆ ಸೇರಲಿಲ್ಲ, ಸುದ್ದಿ ಮಾತ್ರ ಸೇರಿತು. “ಮೂರಾಯ್ತು,” ಅಂದರು ಗೌಡರು. “ನಾಲ್ಕನೇದು ಆಗ್ಲಿ, ನಾನೇ ಬರ್ತೀನಿ.”

ಎಂಟು ದಿನ ಕಳೆಯಿತು. ಒಂದು ಬೆಳಿಗ್ಗೆ ಕೌಲಿ ಹುಲ್ಲು ಮುಟ್ಟಲಿಲ್ಲ. ಏಳುವುದು, ಮಲಗುವುದು, ಬಾಲ ಎತ್ತುವುದು. ಚಿಕ್ಕತಾಯಮ್ಮನಿಗೆ ತಿಳಿಯಿತು. ದನದ ಹೆರಿಗೆ ಬಲ್ಲ ಬೋರಣ್ಣನನ್ನು ಕರೆದು ತರಲು ಕೋಲೂರಿಕೊಂಡು ಹೊರಟಳು. “ಕರು ಬಿದ್ದರೆ ಜ್ವಾಪಾನ ಕಣ್ಲಾ,” ಅಂತ ಬಾಗಿಲಿನಿಂದಲೇ ಕೂಗಿದಳು.

ಬೋರಣ್ಣನನ್ನು ಕರೆದುಕೊಂಡು ಬಂದು ನೋಡುತ್ತಾಳೆ, ಕೌಲಿ ಈದಿದೆ. ಈದಿದ್ದೇನೋ ಸರಿ, ಕರು ಎಲ್ಲಿ? ಕೌಲಿ ಸುತ್ತ ಮೂಸುತ್ತಿದೆ, ಗೋಡೆ ಮೂಸುತ್ತಿದೆ, ಗೋಳಾಡುತ್ತಿದೆ. ಮೂಲೆಯಲ್ಲಿ ಮುದ್ದೀರ ಕಂಬಳಿ ಹೊದ್ದು ಕೂತಿದ್ದಾನೆ. ಅವನ ಹೊಟ್ಟೆ ಹಂಡೆಯಷ್ಟು ದಪ್ಪ ಆಗಿದೆ.

“ಲೇ, ಕರು ಎಲ್ಲೋ?”

“ತೋರ್ಸಲ್ಲ.”

“ಕಂಬಳಿಯೊಳಗೆ ಏನ್ಲಾ ಅದು?”

“ಏನೂ ಇಲ್ಲ.”

ಕಂಬಳಿ “ಅಂಬಾ” ಅಂತು.

ಬೋರಣ್ಣ ನಕ್ಕು ನಕ್ಕು ಗೋಡೆ ಹಿಡಿದುಕೊಂಡ. “ಚಿಕ್ಕತಾಯಕ್ಕ, ನಿನ್ನ ಮಗನಿಗೆ ಹೆರಿಗೆ ನೋವು ಬಂದದೆ ಕಣಕ್ಕೋ!”

“ಅಯ್ಯೋ ಮಾದಪ್ಪಾ! ತಾಯಿಗೂ ತೋರಿಸದೆ ಬಚ್ಚಿಟ್ಕೊಂಡವನಲ್ಲಪ್ಪಾ!” ಕಂಬಳಿ ಕಿತ್ತು ಕರುವನ್ನು ಕೌಲಿಯ ಮುಂದೆ ಹಾಕಿದಳು. ಹೆಣ್ಣುಗರು. ಹಣೆಯ ಮೇಲೆ ಬೆರಳಲ್ಲಿ ವಿಭೂತಿ ಇಟ್ಟ ಹಾಗೆ ಬಿಳಿ ಗೆರೆ.

ಕೌಲಿ ನೆಕ್ಕಲು ಶುರು ಮಾಡಿತು. ಮೂತಿ, ಕಿವಿ, ಬೆನ್ನು, ಒಂದೊಂದು ಕಾಲು. ಏನೂ ಬಿಡದೆ, ಅವಸರ ಮಾಡದೆ. ಎಷ್ಟೋ ಗುಡಿಗಳಲ್ಲಿ ಎಷ್ಟೋ ಅಭಿಷೇಕ ನೋಡಿದ್ದೇನೆ. ಈದ ಹಸು ಕರುವನ್ನು ನೆಕ್ಕುವಷ್ಟು ಶ್ರದ್ಧೆಯಿಂದ ಯಾವ ಅಯ್ಯನವರೂ ದೇವರ ಮೈ ತೊಳೆದದ್ದನ್ನು ಕಾಣೆ. ಆ ಹೊತ್ತಿನಲ್ಲಿ ಕೊಟ್ಟಿಗೆಯಲ್ಲಿ ಒಂದು ವಾಸನೆ ಬರುತ್ತಿತ್ತು, ಹಸಿ ಹಾಲಿನದೂ ಒಣಹುಲ್ಲಿನದೂ ಸೇರಿ. ಆ ವಾಸನೆ ಉಂಡು ಬೆಳೆದವರು ನಾವು. ಈಗ ಪ್ಯಾಕೆಟ್ಟು ಕತ್ತರಿಸಿದರೆ ಎಲ್ಲಿ ಬರಬೇಕು ಅದು!

ಇರಲಿ. ಕರು ಕುಡಿಯಿತು, ಕೌಲಿಗೆ ಸಮಾಧಾನವಾಯಿತು. ಮೊದಲ ಗಿಣ್ಣದ ಹಾಲು ಬಸವಣ್ಣನಿಗೆ ಎಡೆಯಾಗದೆ ಮನೆಯವರ ಬಾಯಿಗೆ ಬೀಳುವಂತಿಲ್ಲ. ಚಿಕ್ಕತಾಯಮ್ಮ ಗಿಣ್ಣ ಕಾಯಿಸಿ, ಬೆಲ್ಲ ಹಾಕಿ, ತಟ್ಟೆ ಮುಚ್ಚಿಕೊಂಡು ಹೊರಟಳು. ಹೊರಡುವಾಗ ಮಗನ ಮೇಲೆ ಮತ್ತೆ ಸಿಟ್ಟು ಬಂತು.

“ಬಾಣಂತಿ ಕಣೋ ಅದು, ಬಾಣಂತಿ! ಹೋದ ವರ್ಷ ನಿನ್ನಕ್ಕ ಹೆತ್ತಾಗ ಹೆಂಗೆ ನೋಡ್ಕೊಂಡ್ವಿ? ಹಂಗೆ ನೋಡ್ಕೋಬೇಕು ಕಣೋ ಪೆದ್ದೇ!”

“ಸರಿ ಕಣವ್ವ. ಅಕ್ಕನ್ನ ನೋಡ್ಕೊಂಡಂಗೆ ನೋಡ್ಕೋತೀನಿ.”

ಹೋದಳು. ಎಡೆ ಮಾಡಿದಳು. ಕೈಮುಗಿದು, “ಸ್ವಾಮಿ, ನನಗೆ ಚಿನ್ನ ಬೇಡ, ಬೆಳ್ಳಿ ಬೇಡ. ಆ ಕೌಲಿ ನನ್ನ ಮನೇಲಿ ಉಳೀಲಿ, ಅಷ್ಟೇ ಸಾಕು,” ಅಂದಳು. ಕಣ್ಣೊರೆಸಿಕೊಂಡು ಮನೆಗೆ ಬಂದರೆ ಬಾಗಿಲಲ್ಲಿ ಜನ! ಒಳಗೆ ಹೊಗೆ!

ಇಣುಕಿ ನೋಡಿದಳು. ಕೌಲಿ ಕೊಟ್ಟಿಗೆಯಲ್ಲಿಲ್ಲ, ನಡುಮನೆಯಲ್ಲಿದೆ. ತಲೆಗೆ ಚಿಕ್ಕತಾಯಮ್ಮನ ಮದುವೆ ಸೀರೆ ಸುತ್ತಿ ಬಿಗಿಯಾಗಿ ಕಟ್ಟಿದ್ದಾನೆ. ಎರಡು ಕಿವಿಗೂ ಅರಳೆ. ಮೈಗೆಲ್ಲ ಹರಳೆಣ್ಣೆ ತಿಕ್ಕಿ ಬಿಸಿನೀರು ಹುಯ್ದಿದ್ದಾನೆ. ಹೊಟ್ಟೆ ಕೆಳಗೆ ಕೆಂಡದ ಮಡಕೆ, ಅದರಲ್ಲಿ ಸಾಂಬ್ರಾಣಿ. ಮೇಲೆ ತೊಲೆಗೆ ಹಳೆ ಪಂಚೆಯ ತೊಟ್ಟಿಲು, ತೊಟ್ಟಿಲಲ್ಲಿ ಕರು! ನಾಲ್ಕು ಕಾಲೂ ನಾಲ್ಕು ಕಡೆ ನೇತಾಡುತ್ತಿವೆ. ಮುದ್ದೀರ ಒಂದು ಕೈಯಲ್ಲಿ ತೊಟ್ಟಿಲು ತೂಗುತ್ತ, ಇನ್ನೊಂದು ಕೈಯಲ್ಲಿ ಕೌಲಿಯ ಬಾಯಿಗೆ ವೀಳ್ಯದೆಲೆ ತುರುಕುತ್ತ, “ಗಾಳಿಗೆ ಹೋಗಬೇಡ ಕಣಮ್ಮಿ, ಸನ್ನಿ ಹಿಡಿದಾತು,” ಅನ್ನುತ್ತಿದ್ದಾನೆ.

ಅಕ್ಕಪಕ್ಕದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ಚಿಕ್ಕತಾಯಕ್ಕ, ಅರಿಶಿನ ಕುಂಕುಮ ಕೊಡೋದಿಲ್ವಾ ನಮಗೆ?”

“ಅಯ್ಯೋ ಮಾದಪ್ಪಾ!” ಅಂದಳು ಅವಳು. ಆದರೆ ನಿಜ ಹೇಳಬೇಕಲ್ಲ, ಕೌಲಿಗೆ ಏನೂ ಆಗಿರಲಿಲ್ಲ. ಎಣ್ಣೆ ತಿಕ್ಕಿಸಿಕೊಂಡು ಕಣ್ಣು ಅರ್ಧ ಮುಚ್ಚಿ ಸುಖವಾಗಿ ಮೆಲುಕು ಹಾಕುತ್ತಿತ್ತು.

ಸುದ್ದಿ ಹೊಂಗೆಮೆಳೆಗೆ ಹೋಯಿತು. ಕರುವನ್ನು ಕಂಬಳಿಯಲ್ಲಿ ಬಚ್ಚಿಟ್ಟದ್ದೂ ಹೋಯಿತು, ಹಸುವಿಗೆ ಹೊಗೆ ಹಾಕಿದ್ದೂ ಹೋಯಿತು. ಈ ಸಲ ಗೌಡರು ಲೆಕ್ಕ ಹೇಳಲಿಲ್ಲ. “ಸೋಮವಾರ ಬರ್ತೀನಿ. ಹಸ, ಕರು ಎರಡೂ ಬಿಚ್ಚಿ ಇಟ್ಟಿರಲಿ,” ಅಂತ ಹೇಳಿ ಕಳಿಸಿದರು.

ಚಿಕ್ಕತಾಯಮ್ಮ ಒಲೆಯ ಮುಂದೆ ಕೂತವಳು ಏಳಲಿಲ್ಲ. ಅನ್ನವಿಲ್ಲ, ನೀರಿಲ್ಲ. ಮುದ್ದೀರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

“ಅವ್ವ, ಅಳಬೇಡ ಕಣವ್ವ. ಗೌಡ್ರು ಯಾಕೆ ಸಿಟ್ಟಾದ್ರು?”

“ಊರೋರ ಬಾಯಲ್ಲಿ ಕೇಳಿದ್ರೆ ಸಿಟ್ಟಾಗದೆ ಇನ್ನೇನು? ಹೆರಿಗೆ ಆಯ್ತು ಅಂತ ನಾವು ಹೋಗಿ ಹೇಳಬೇಕಿತ್ತು. ನಿನ್ನಕ್ಕ ಹೆತ್ತಾಗ ನಿಮ್ಮಾವ ಸಕ್ಕರೆ ತಗೊಂಡು ಬೀಗರ ಮನೆಗೆ ಹೋಗಿ ಮರ್ಯಾದೆಯಾಗಿ ಹೇಳಿ ಬರಲಿಲ್ವಾ? ಹಂಗೆ!” ಅಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮುದ್ದೀರ ಎದ್ದ. ಒಗೆದ ಪಂಚೆ ಉಟ್ಟ. ಡಬ್ಬಿಯ ತಳದಲ್ಲಿದ್ದ ಸಕ್ಕರೆ ಕಟ್ಟಿಕೊಂಡ. ಹೊಂಗೆಮೆಳೆಗೆ ನಡೆದ.

ಗೌಡರು ನಾಲ್ಕು ಜನ ಹಿರಿಯರ ಜೊತೆ ಜಗುಲಿಯ ಮೇಲೆ ಕೂತಿದ್ದರು. ಮುದ್ದೀರ ಹೋದವನೇ ಕೈಮುಗಿದ.

“ಬೀಗರೇ, ನಮಸ್ಕಾರ! ಬಾಯಿ ತೆಗೀರಿ!”

ಇವನು ಯಾರಿಗೆ ಹೇಳುತ್ತಿದ್ದಾನೆ ಅಂತ ಗೌಡರು ಬಾಯಿ ತೆರೆದು ನೋಡುವಷ್ಟರಲ್ಲಿ ಬಾಯೊಳಗೆ ಒಂದು ಹಿಡಿ ಸಕ್ಕರೆ ಬಿತ್ತು.

“ಯಾವನ್ಲಾ ಬೀಗ?”

“ನೀವೇ ಬುದ್ಧಿ. ನಮ್ಮ ಕೌಲಿ ಹೆತ್ತವಳೆ. ಹೆಣ್ಣುಮಗು. ತಾಯಿ ಮಗು ಚೆಂದಾಗವರೆ. ನಿಮ್ಮ ಬೀಜದ ಹೋರಿ ಎಲ್ಲಿ? ಅಪ್ಪ ಆದೋನು ಇನ್ನೂ ಬಂದು ಮುಖ ನೋಡ್ಲಿಲ್ವಲ್ಲ ಬೀಗರೇ, ಇದು ನಿಮ್ಮನೆ ಮರ್ಯಾದೇನಾ?”

ಹಿರಿಯರೊಬ್ಬರ ಬಾಯಲ್ಲಿದ್ದ ಎಲೆ ಅಡಿಕೆ ಪಕ್ಕದವರ ಪಂಚೆ ಮೇಲೆ ಬಿತ್ತು. “ಗೌಡ್ರು ತಾತ ಆದ್ರು ಕಣ್ರಯ್ಯಾ!” ಅಂದರು ಇನ್ನೊಬ್ಬರು.

ಗೌಡರಿಗೆ ಮುಖ ಕೆಂಪಾಯಿತು. “ಮುಚ್ಚು ಬಾಯಿ! ಸೋಮವಾರ ಬರ್ತೀನಿ, ಹಸ ಹೊಡ್ಕೊಂಡು ಬರ್ತೀನಿ!”

ಮುದ್ದೀರನಿಗೆ ನಿಜವಾಗಿಯೂ ಗಾಬರಿಯಾಯಿತು. “ಹಸಿ ಬಾಣಂತೀನಾ? ಐದು ತಿಂಗಳು ತುಂಬದೆ ಗಂಡನ ಮನೆಗೆ ಕರ್ಕೊಂಡು ಬರ್ತಾರಾ ಬೀಗರೇ? ಅವಳಿಗೆ ಸೊಂಟದ ನೋವಿನ್ನೂ ಹೋಗಿಲ್ಲ. ನೀವೇನು ಹೆಣ್ಣು ಹೆತ್ತೋರಲ್ವಾ?”

ಹಿರಿಯರು ಮತ್ತೆ ನಕ್ಕರು. ಬಾಗಿಲಲ್ಲಿ ನಿಂತಿದ್ದ ಗೌಡತಿ ನಿಂಗಾಜಮ್ಮ ಮಾತ್ರ ನಗಲಿಲ್ಲ.

“ನಗಬೇಡಿ,” ಅಂದಳು. “ಹೆರಿಗೆಯಾದ ಇಪ್ಪತ್ತು ದಿನಕ್ಕೇ ನಮ್ಮ ಮಗಳು ಪುಟ್ಟೀನ ಬೀಗರು ಕರ್ಕೊಂಡು ಹೋದ್ರು. ಅವತ್ತು ಗಾಡಿ ಹಿಂದೆ ಹೋಗಿ ನಿಂತು ನೀವೇ ಅಂದ್ರಿ. ಹಸಿಮೈಯೋಳನ್ನ ಎಳ್ಕೊಂಡು ಹೋಗೋ ಬೀಗರು ಮನುಷ್ಯರೇ ಅಲ್ಲ ಅಂದ್ರಿ. ನೆನಪೈತಾ?”

ಗೌಡರು ತುಟಿ ಮೇಲಿನ ಸಕ್ಕರೆ ಒರೆಸಿಕೊಂಡರು. ಬಾಯಲ್ಲಿ ಸಕ್ಕರೆ ಕರಗುತ್ತಿತ್ತು.

“ಹಸ ಬೇರೆ, ಮಗಳು ಬೇರೆ,” ಅಂದರು ಕೊನೆಗೆ.

“ಮೊದಲು ಹೋಗಿ ಮಗು ನೋಡೋಣ. ಆಮೇಲೆ ಮಾತು.” ಆಮೇಲೆ ಅವಳಿಗೂ ನಗು ತಡೆಯಲಿಲ್ಲ. “ಹೋರೀನೂ ಕರ್ಕೊಂಡು ಬರ್ತೀವಿ ಕಣಪ್ಪ. ನಿಮ್ಮವ್ವಂಗೆ ಹೇಳು.”

“ನೋಡಿದ್ರೂ ಹೊಡ್ಕೊಂಡೇ ಬರೋದು ನಾನು,” ಅಂದರು ಗೌಡರು.

ಸೋಮವಾರ ಬಂತು. ಆಗೆಲ್ಲ ಸೋಮವಾರ ಎತ್ತು ಹೋರಿಗಳಿಗೆ ನೊಗವಿಲ್ಲ. ಬಸವಣ್ಣನ ದಿನ. ಅವತ್ತು ಅವುಗಳ ಮೇಲೆ ಕೈ ಎತ್ತಿದರೆ ದೊಡ್ಡವರು ನಮ್ಮ ಮೇಲೆ ಕೈ ಎತ್ತುತ್ತಿದ್ದರು. ಎಂಥ ಸೋಮವಾರಗಳು ಅವು! ಕೆರೆಯ ತುಂಬ ದನ, ದಡದ ತುಂಬ ನಾವು.

ಚಿಕ್ಕತಾಯಮ್ಮ ಅಕ್ಕಪಕ್ಕದಲ್ಲಿ ಬೇಳೆ ಬೆಲ್ಲ ಈಸಿಕೊಂಡು ಇಪ್ಪತ್ತು ಒಬ್ಬಟ್ಟು ಬೇಯಿಸಿದ್ದಳು. ಹೋರಿಗೆ ಅಂತ ಒಂದು ಹೊರೆ ಎಳೆಗರಿಕೆ ಕೊಯ್ದು ಅಂಗಳದಲ್ಲಿಟ್ಟಿದ್ದಳು. ಮಗನನ್ನು ಕೂರಿಸಿಕೊಂಡು, ಗಲ್ಲ ಹಿಡಿದು ಹೇಳಿದಳು.

“ಮುದ್ದೀರ, ಇವತ್ತೊಂದು ದಿನ ಸರಿಯಾಗಿರಪ್ಪ. ಬೀಗರು ಅಂದು ಬಂದಿದ್ದೀಯ, ಬೀಗರನ್ನ ನೋಡ್ಕೊಂಡಂಗೇ ನೋಡ್ಕೋ. ಕಾಲಿಗೆ ನೀರು ಕೊಡು. ಮಣೆ ಹಾಕು. ಎಲೆ ಹಾಕು. ಬಂದೋರು ಯಾರೂ ಬರಿ ಹೊಟ್ಟೇಲಿ ಹೋಗಬಾರದು.”

“ಬೀಗರು ಬಂದ್ರೆ ಮೊದಲ ಮರ್ಯಾದೆ ಯಾರಿಗವ್ವ?”

“ಅದನ್ನೂ ಕೇಳ್ತಾರೇನೋ? ಮೊದಲ ಮರ್ಯಾದೆ ಅಳಿಯಂದೇ!” ಅಂದು, ತುಪ್ಪ ಈಸಿಕೊಂಡು ಬರಲು ಬೋರಣ್ಣನ ಮನೆಗೆ ಹೋದಳು.

ಅಷ್ಟರಲ್ಲಿ ಬಂದರು. ಮುಂದೆ ಗೌಡರು, ಹಿಂದೆ ಕರುವಿಗೆ ಗಂಟೆ ಹಿಡಿದ ನಿಂಗಾಜಮ್ಮ, ಅವಳ ಪಕ್ಕದಲ್ಲಿ ಹೂವಿನ ಹಾರ ಹಾಕಿದ ಹೋರಿ. ಮುದ್ದೀರ ಚೆಂಬು ಹಿಡಿದು ಓಡಿ ಬಂದ. ಗೌಡರು ಕಾಲು ಮುಂದೆ ಚಾಚಿದರು.

“ಸ್ವಲ್ಪ ಜರುಗಿ ಬೀಗರೇ, ಅಳಿಯಂದಿರು ಬಿಸಿಲಲ್ಲಿ ನಿಂತವರೆ!”

ಹೋರಿಯ ನಾಲ್ಕು ಕಾಲೂ ತೊಳೆದ. ಹಗ್ಗ ಹಿಡಿದು, “ಬಲಗಾಲಿಟ್ಟು ಬನ್ನಿ ಭಾವ,” ಅಂತ ಒಳಗೆ ಕರೆದುಕೊಂಡು ಹೋದ. ಜನಕ್ಕೂ ದನಕ್ಕೂ ಅದು ಒಂದೇ ಬಾಗಿಲಿನ ಮನೆ. ಬಾಗಿಲಿನ ಒಳಗೆ ಮಣೆ ಹಾಕಿದ. ಬಾಳೆಎಲೆ ಹಾಕಿದ. ಒಬ್ಬಟ್ಟು ಬಡಿಸಿದ. ಹೋರಿ ಒಂದು ತಿಂದಿತು, ಎರಡು ತಿಂದಿತು. “ಸಂಕೋಚ ಮಾಡ್ಕೋಬೇಡಿ ಭಾವ!” ಅಂದ. ಇಪ್ಪತ್ತೂ ತಿಂದಿತು. ಎಲೆಯನ್ನೂ ತಿಂದಿತು.

“ನಮ್ಮಕ್ಕನ ಗಂಡ ಎಲೆ ಬಿಟ್ಟಿದ್ದ. ಈ ಭಾವ ಎಲೇನೂ ಬಿಡಲಿಲ್ಲ!” ಅಂತ ಹೊರಗೆ ಓಡಿ ಬಂದು ಗೌಡರಿಗೆ ಸಂತೋಷದಿಂದ ಕೂಗಿ ಹೇಳಿದ.

ಇಪ್ಪತ್ತು ಒಬ್ಬಟ್ಟು ಉಂಡವರು ಏನು ಮಾಡುತ್ತಾರೆ? ಹೋರಿ ಮುಂಗಾಲು ಮಡಿಸಿತು, ಹಿಂಗಾಲು ಮಡಿಸಿತು, ಬಾಗಿಲಿಗೆ ಅಡ್ಡವಾಗಿ ಧೊಪ್ಪನೆ ಮಲಗಿತು. ಕೌಲಿ ಒಳಗೆ, ಕರು ಒಳಗೆ, ಗೌಡರು ಹೊರಗೆ.

ಚಿಕ್ಕತಾಯಮ್ಮ ತುಪ್ಪ ಹಿಡಿದು ಬಂದು ನೋಡಿದಳು. “ಅಯ್ಯೋ ಮಾದಪ್ಪಾ!”

“ಏಳೋ!” ಅಂದರು ಗೌಡರು. ಹೋರಿ ಕಿವಿ ಅಲ್ಲಾಡಿಸಿತು. “ಏಳ್ತೀಯೋ ಇಲ್ವೋ!” ಹಗ್ಗ ಎಳೆದರು. ಹೋರಿ ಕಣ್ಣು ಮುಚ್ಚಿತು. ಬಾರುಕೋಲಿಗೆ ಕೈ ಹಾಕಿದರು.

“ಸೋಮವಾರ!” ಅಂದಳು ನಿಂಗಾಜಮ್ಮ.

ಗೌಡರ ಕೈ ಅಲ್ಲೇ ನಿಂತಿತು. ದಾಟಿಕೊಂಡು ಒಳಗೆ ಹೋಗೋಣ ಅಂತ ಕಾಲೆತ್ತಿದರು.

“ಮಲಗಿರೋ ಬಸವಣ್ಣನ್ನ ದಾಟ್ತೀರಾ?” ಅಂದಳು ಮತ್ತೆ.

ಕಾಲೂ ಅಲ್ಲೇ ನಿಂತಿತು. ಗೌಡರು ಒರಟು ಮನುಷ್ಯರೇ, ಆದರೆ ದೇವರಿಗೆ ಹೆದರುವವರು. ಬಿಸಿಲಿಗೆ ಬಾಗಿಲಲ್ಲಿ ಕೂತರು. ಕೂತಲ್ಲಿಂದ ಹೋರಿಯ ಬೆನ್ನಿನ ಮೇಲೆ ಹಾದು ಒಳಗೆ ನೋಡಿದರು. ಕೌಲಿಯ ಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಂದು ಉಣ್ಣೆಹುಳ ಇಲ್ಲ, ಒಂದು ಗಾಯ ಇಲ್ಲ. ಕೆಚ್ಚಲು ತುಂಬಿತ್ತು. ಕರು ಕುಡಿಯುತ್ತ ಬಾಲ ಕುಣಿಸುತ್ತಿತ್ತು. ಎಷ್ಟು ಹೊತ್ತು ನೋಡಿದರೋ, ನೆರಳು ಆಚೆಯಿಂದ ಈಚೆಗೆ ಬಂತು.

“ಚಿಕ್ಕತಾಯಿ,” ಅಂದರು.

“ಬುದ್ಧಿ.”

“ನನ್ನ ಕೊಟ್ಟಿಗೇಲಿ ಹದಿನಾಲ್ಕು ಹಸ ಅವೆ. ಒಂದಕ್ಕೂ ಇಂಥ ಬಾಣಂತನ ಆಗಿಲ್ಲ. ಸ್ವಾಮಿಯೇ ಅಡ್ಡ ಮಲಗಿದ ಮೇಲೆ ನಾನ್ಯಾರು? ಆಡಿದ ಮಾತು ಆಡಿದಂಗೆ. ಕರು ಹಾಲು ಬಿಡೋ ತನಕ ಕೌಲಿ ಇಲ್ಲೇ ಇರ್ಲಿ. ಕರು ನಿಂದು.”

ಚಿಕ್ಕತಾಯಮ್ಮ ನಿಂತಲ್ಲೇ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಿಂಗಾಜಮ್ಮ ಅವಳ ಕೈ ಹಿಡಿದುಕೊಂಡಳು.

ಗೌಡರು ಪಂಚೆ ಕೊಡವಿ ಎದ್ದರು. “ಹೊತ್ತಾಯ್ತು, ಬರ್ತೀವಿ. ಹೋರಿ ಎದ್ದ ಮೇಲೆ ಆಳು ಕಳಿಸ್ತೀನಿ.”

“ಎಲ್ಲಿಗೆ ಬೀಗರೇ!”

ಮುದ್ದೀರ ಕೈ ಅಡ್ಡ ಚಾಚಿ ನಿಂತ. “ಬಂದೋರು ಬರಿ ಹೊಟ್ಟೇಲಿ ಹೋಗಬಾರದು ಅಂತ ಅವ್ವ ಹೇಳವಳೆ. ಅಳಿಯಂದಿರು ನಿಮ್ಮ ಪಾಲು ಉಂಡ್ರು. ಅವರ ಪಾಲು ಹಂಗೇ ಐತೆ. ಕೂತ್ಕೊಳ್ಳಿ, ಕೂತ್ಕೊಳ್ಳಿ!”

ಅಂದವನೇ ಓಡಿ ಹೋಗಿ ಎಳೆಗರಿಕೆಯ ಹೊರೆಯನ್ನು ತಬ್ಬಿಕೊಂಡು ಬಂದು ಗೌಡರ ಮುಂದೆ ಸುರಿದು, ಪಕ್ಕದಲ್ಲಿ ಒಂದು ಬಾನಿ ಕಲಗಚ್ಚೂ ಇಟ್ಟು, ಗೌಡರ ಬೆನ್ನು ಸವರಿ ಹೇಳಿದ:

“ನಿಧಾನಕ್ಕೆ ಮೇಯಿರಿ ಬೀಗರೇ. ಸಾಲದಿದ್ರೆ ಇನ್ನೊಂದು ಹೊರೆ ಕೊಯ್ದು ತರ್ತೀನಿ.”